ಒರೆಯೊಳಗಿನ ಕತ್ತಿ

ನನ್ನ ಬರೆಯುವ ಮೇಜಿನ ಮೇಲೆ ಗೇಣುದ್ದದ ಒಂದು ಕತ್ತಿಯಿದೆ. ಸ್ಪೇನ್ ದೇಶಕ್ಕೆ ಹೋಗಿಬಂದ ಗೆಳೆಯರೊಬ್ಬರು ತಂದುಕೊಟ್ಟದ್ದು. ಅಲ್ಲಿ ಟೊಲೇಡೊ ಎಂಬ ಹಳೆಯ ಊರಿನ ಅಂಗಡಿಗಳಲ್ಲಿ ಪ್ರವಾಸಿಗಳಿಗಾಗಿ ಇಂಥವನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರಂತೆ. ಲಕೋಟೆಯ ಅಂಚು ಸೀಳುವುದಕ್ಕೆ ಇದು ಬಹಳ ಚೆನ್ನ. ಅದಕ್ಕಿಂತ ಗಟ್ಟಿಯಾದದ್ದನ್ನು ಸೀಳುವ ಶಕ್ತಿ ಇದಕ್ಕಿಲ್ಲ. ಈಚೆಗೆ ಲಕೋಟೆಗಳು ಬರುವುದೇ ಅಪರೂಪವಾದ್ದರಿಂದ ಕತ್ತಿಗೆ ವರ್ಷದ ಬಹುಭಾಗ ರಜೆಯೇ. ಆದರೂ ಅದರ ಠೀವಿಗೆ ಕಡಮೆಯಿಲ್ಲ. ಹಿಡಿಯ ಬುಡದಲ್ಲಿ ಕೈ ಕಾಯುವ ಪುಟ್ಟ ಬಟ್ಟಲು. ಬಟ್ಟಲಿನ ಮೇಲೆ ಕಪ್ಪು ನೆಲದಲ್ಲಿ ಹಬ್ಬಿದ ಹೊಂಬಣ್ಣದ ಬಳ್ಳಿ. ಅಲಗಿನ ಉದ್ದಕ್ಕೂ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಎರಡು ಮಾತು. ಅವುಗಳ ಅರ್ಥವನ್ನು ಗೆಳೆಯರೇ ಹೇಳಿದರು: 'ಕಾರಣವಿಲ್ಲದೆ ನನ್ನನ್ನು ಹಿರಿಯಬೇಡ, ಮಾನವಿಲ್ಲದೆ ನನ್ನನ್ನು ಒರೆಗೆ ಸೇರಿಸಬೇಡ.'

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ನನ್ನ ಮಗಳು, "ಕಾಗದ ಹರಿಯುವ ಕತ್ತಿಗೆ ಇಷ್ಟು ದೊಡ್ಡ ಉಪದೇಶ ಏಕಪ್ಪ?" ಎಂದಳು. ನಾವು ನಕ್ಕೆವು. ನಗು ಮುಗಿದ ಮೇಲೂ ಪ್ರಶ್ನೆ ಮುಗಿಯಲಿಲ್ಲ. ಕೊಲ್ಲುವುದಕ್ಕಾಗಿ ಹುಟ್ಟಿದ ವಸ್ತುವಿಗೆ ಹೂಬಳ್ಳಿಗಳ ಸಿಂಗಾರವೇಕೆ? ಹರಿತವೇ ಇಲ್ಲದ ಮೇಲೆ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದೇಕೆ? ಕಟ್ಟಿಕೊಂಡವನಿಗೆ ಅದರಿಂದ ಬರುವ ಮಾನ ಎಂಥದು?

ಅಲಗಿನ ಮೇಲಿನ ಆ ಮಾತು ಅಂಗಡಿಯವರು ಹೊಸದಾಗಿ ಕಟ್ಟಿದ್ದಲ್ಲ. ಎರಡು ಮೂರು ಶತಮಾನಗಳ ಹಿಂದಿನ ನಿಜವಾದ ಸ್ಪ್ಯಾನಿಷ್ ಕತ್ತಿಗಳ ಮೇಲೆ ಅದನ್ನು ಕೊರೆದಿರುವುದುಂಟು. ಯೂರೋಪಿನಲ್ಲಿ ಕತ್ತಿಯನ್ನು ಕುರಿತು ಸ್ಪೇನಿನವರಷ್ಟು ಯೋಚಿಸಿದ ಜನ ಬಹುಶಃ ಕಡಮೆ. 1582ರಲ್ಲಿ ಅಚ್ಚಾದ ಕರಾನ್ಸ ಎಂಬಾತನ ಕತ್ತಿವರಸೆಯ ಗ್ರಂಥದ ಹೆಸರಿನಲ್ಲಿಯೇ 'ಆಯುಧಗಳ ತತ್ತ್ವಶಾಸ್ತ್ರ' ಎಂಬ ಮಾತಿದೆ. ಅವನ ಸಂಪ್ರದಾಯದವರು ರೇಖಾಗಣಿತದ ವೃತ್ತ, ಜ್ಯಾ, ಕೋನಗಳನ್ನು ನೆಲದ ಮೇಲೆ ಬರೆದುಕೊಂಡು ಹೆಜ್ಜೆಯಿಡುವುದನ್ನು ಕಲಿಸುತ್ತಿದ್ದರು. ಒಬ್ಬನನ್ನು ಇರಿಯುವುದಕ್ಕೆ ಇಷ್ಟು ಗಣಿತ ಬೇಕೆ ಎಂದು ನಮಗೆ ತೋರಬಹುದು. ಅವರಿಗೆ ಬೇಕಾಗಿತ್ತು. ಏಕೆಂದರೆ ಕತ್ತಿ ಅವರಿಗೆ ಆಯುಧವಾಗಿದ್ದಂತೆಯೇ ನಡತೆಯೂ ಆಗಿತ್ತು.

ಇನ್ನೂ ಮುಂಚೆಯೇ, 15ನೆಯ ಶತಮಾನದಲ್ಲಿ, ಆ ಭಾಷೆಯಲ್ಲಿ ಒಂದು ಪದ ಕಾಣಿಸಿಕೊಂಡಿತು: 'ಎಸ್ಪಾದ ರೋಪೆರ'. ಎಸ್ಪಾದ ಎಂದರೆ ಕತ್ತಿ, ರೋಪ ಎಂದರೆ ಉಡುಪು. ಯುದ್ಧಕ್ಕೆ ಹೊರಟಾಗ ಕವಚದೊಡನೆ ಕಟ್ಟುವುದಲ್ಲ, ಪೇಟೆಗೆ ಹೊರಟಾಗ ಅಂಗಿ ಮೇಲಂಗಿಗಳೊಡನೆ ಕಟ್ಟತಕ್ಕ ಕತ್ತಿ. ಇಂಗ್ಲಿಷರು ರೇಪಿಯರ್ ಎಂದು ಕರೆಯುವ ಸಪುರ ಕತ್ತಿಯ ಹೆಸರು ಇದರಿಂದಲೇ ಬಂದಿರಬೇಕೆಂದು ಪಂಡಿತರು ಊಹಿಸುತ್ತಾರೆ. ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಈ ಪದ ಹುಟ್ಟಿದ ದಿನ ಒಂದು ದೊಡ್ಡ ಬದಲಾವಣೆಯಾಯಿತು. ಕತ್ತಿ ರಣರಂಗದಿಂದ ನಡೆದುಬಂದು ಉಡುಪಿನ ಪೆಟ್ಟಿಗೆಯೊಳಗೆ ಕುಳಿತಿತು. ಉಡುಪಾದ ಮೇಲೆ ಅದಕ್ಕೆ ಉಡುಪಿನ ಧರ್ಮಗಳೆಲ್ಲ ಬಂದವು: ಅಂದ, ಅಂತಸ್ತು, ಪೈಪೋಟಿ. ಕುಲೀನರು ಒಬ್ಬರನ್ನೊಬ್ಬರು ಮೀರಿಸುವಂತೆ ಕತ್ತಿಯ ಉದ್ದವನ್ನು ಬೆಳೆಸುತ್ತ ಹೋದರು. ಕೊನೆಗೆ 1564ರಲ್ಲಿ ದೊರೆ ಎರಡನೆಯ ಫಿಲಿಪ್, ಒಂದೂಕಾಲು 'ವಾರಾ'ಕ್ಕಿಂತ ಉದ್ದದ ಕತ್ತಿಯನ್ನು ಯಾರೂ ಧರಿಸಕೂಡದೆಂದು ಕಟ್ಟಳೆ ಹೊರಡಿಸಬೇಕಾಯಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು 105 ಸೆಂಟಿಮೀಟರು. ವಾರಾ ಎಂದರೆ ಅವರ ಅಳತೆಗೋಲು. ಈ ಕೋಲನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದರಿಂದ ಕೆಲಸವಿದೆ.

ಆ ಕತ್ತಿಗಳ ರಚನೆಯನ್ನು ಸ್ವಲ್ಪ ಗಮನಿಸಿದರೆ ಇನ್ನೊಂದು ವಿಷಯ ತಿಳಿಯುತ್ತದೆ. 17ನೆಯ ಶತಮಾನದ ಸ್ಪ್ಯಾನಿಷ್ ಕತ್ತಿಯಲ್ಲಿ ಕೈಯನ್ನು ಕಾಯುವುದಕ್ಕೆ ಬೋರಲು ಹಾಕಿದ ಬಟ್ಟಲಿನಂಥ ಒಂದು ರಕ್ಷೆಯಿರುತ್ತಿತ್ತು. ಅದರ ತುಂಬ ಜಾಲಂದ್ರದಂತೆ ಕೊರೆದ ಕುಸುರಿ ಕೆಲಸ. ಬಟ್ಟಲಿನ ಅಂಚನ್ನು ಹೊರಗಡೆಗೆ ಮಡಿಸಿ ಸಣ್ಣ ತುಟಿಯಂತೆ ಮಾಡುತ್ತಿದ್ದರು. ನೋಡಿದವರಿಗೆ ಅದು ಅಲಂಕಾರ. ಅದರ ಸ್ಪ್ಯಾನಿಷ್ ಹೆಸರಿಗೆ ಮಾತ್ರ 'ಮೊನೆಮುರುಕ' ಎಂದು ಅರ್ಥ. ಎದುರಾಳಿಯ ಕತ್ತಿಯ ಮೊನೆ ಜಾರಿ ಮೈಗೆ ತಾಗದಂತೆ ಅದನ್ನು ಹಿಡಿದು ನಿಲ್ಲಿಸುವುದು ಆ ತುಟಿಯ ಕೆಲಸ. ಚೆಲುವೆಂದು ನಾವು ಮೆಚ್ಚುವುದರ ಹಿಂದೆ ಯಾರೋ ಒಬ್ಬನ ಪ್ರಾಣದ ಲೆಕ್ಕಾಚಾರವಿದೆ. ಟೊಲೇಡೊದ ಕಮ್ಮಾರರು ಅಲಗಿನ ನಡುವೆ ಮೆದು ಕಬ್ಬಿಣದ ಒಂದು ಪಟ್ಟಿಯನ್ನಿಟ್ಟು ಅದರ ಎರಡು ಮಗ್ಗುಲಿಗೂ ಉಕ್ಕನ್ನು ಬೆಸೆಯುತ್ತಿದ್ದರು. ಉಕ್ಕೊಂದೇ ಆದರೆ ಪೆಟ್ಟಿಗೆ ಸಿಡಿದು ಮುರಿಯುತ್ತದೆ. ಒಳಗೆ ಮೆದುವಾದದ್ದಿದ್ದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಒಳಗಿನ ಆ ಮೆದು ಕಬ್ಬಿಣಕ್ಕೆ ಅವರು ಇಟ್ಟ ಹೆಸರು 'ಆಲ್ಮ', ಎಂದರೆ ಆತ್ಮ. ಕತ್ತಿಯ ಆತ್ಮ ಮೆತ್ತಗಿರಬೇಕೆಂದು ಯಾವ ವೇದಾಂತಿಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಕುಲುಮೆಯ ಮುಂದೆ ಕುಳಿತು ಕಂಡುಕೊಂಡದ್ದು.

ಇಷ್ಟು ಚೆನ್ನಾಗಿ ಕತ್ತಿ ಮಾಡುವುದನ್ನು ಕಲಿಯುವ ಹೊತ್ತಿಗೆ ಕತ್ತಿಯ ಕಾಲ ಮುಗಿಯುತ್ತ ಬಂದಿತ್ತು. 1571ರ ಲೆಪಾಂಟೊ ಸಮುದ್ರಯುದ್ಧದಲ್ಲಿ ಸರ್ವಾಂಟೆಸ್ ಎಂಬ ಯೋಧನ ಎಡಗೈ ನಿಷ್ಪ್ರಯೋಜಕವಾದದ್ದು ಗುಂಡಿನಿಂದ. ಮುಂದೆ ಅವನು ಬರೆದ ಪುಸ್ತಕದಲ್ಲಿ ಡಾನ್ ಕ್ವಿಕ್ಸೋಟ್ ಮಹಾಶಯ ಫಿರಂಗಿ ಕಂಡುಹಿಡಿದವನನ್ನು ಶಪಿಸುತ್ತಾನೆ. ಹೇಡಿಯೊಬ್ಬ ದೂರದಲ್ಲಿ ನಿಂತು ಶೂರನ ಪ್ರಾಣ ತೆಗೆಯಬಹುದಾದರೆ ಶೌರ್ಯಕ್ಕೆ ಬೆಲೆಯೇನು ಎಂಬುದು ಅವನ ಅಳಲು. ಶಾಪ ಫಲಿಸಲಿಲ್ಲ. ಗುಂಡು ಬೆಳೆಯಿತು, ಕತ್ತಿ ಸಪುರವಾಯಿತು. 18ನೆಯ ಶತಮಾನದಲ್ಲಿ 'ಎಸ್ಪಾದಿನ್' ಬಂದಿತು. ಕತ್ತಿಮರಿ ಎನ್ನಬಹುದು. ಸೇನಾಧಿಕಾರಿಗಳೂ ರಾಯಭಾರಿಗಳೂ ಆಸ್ಥಾನದ ಅಧಿಕಾರಿಗಳೂ ದಿರಸಿನ ಅಂಗವಾಗಿ ಅದನ್ನು ತೊಡುತ್ತಿದ್ದರು.

1761ರಲ್ಲಿ ದೊರೆ ಮೂರನೆಯ ಚಾರ್ಲ್ಸ್ ಟೊಲೇಡೊದಲ್ಲಿ ಸರಕಾರಿ ಕತ್ತಿ ಕಾರ್ಖಾನೆಯನ್ನು ಸ್ಥಾಪಿಸಿದನು. ಅಲ್ಲಿಂದ ಮುಂದೆ ಸೈನ್ಯದ ಕತ್ತಿಗಳು ಇಸವಿಯ ಹೆಸರಿನಿಂದ, ಪಂಚಾಂಗದಂತೆ, ಒಂದರ ಹಿಂದೊಂದು ಹೊರಬಂದವು. ಪ್ವೆರ್ತೊ ಸೆಗೂರೊ ಎಂಬ ಸಾಮಂತ ಅಶ್ವದಳಕ್ಕೆಂದು ಯೋಜಿಸಿದ ಕತ್ತಿ 1907ರದು. ನೇರವಾದ ಅಲಗು, ತಿವಿಯುವುದಕ್ಕೆ ಹದವಾದ ತೂಕ, ಕೈ ಪೂರ್ತಿ ಮುಚ್ಚುವ ಬಟ್ಟಲು. ಕುದುರೆಯ ಮೇಲಿನಿಂದ ತಿವಿಯುವುದಕ್ಕೆ ಇದಕ್ಕಿಂತ ಒಳ್ಳೆಯದು ಹುಟ್ಟಿರಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಮರುವರ್ಷ ಇಂಗ್ಲೆಂಡೂ ಅಂಥದೇ ಒಂದನ್ನು ಅಂಗೀಕರಿಸಿತು. ಏಳು ವರ್ಷ ಕಳೆಯುವಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದು, ಯಂತ್ರದ ಬಂದೂಕಿನ ಮುಂದೆ ಕುದುರೆಗೂ ಕತ್ತಿಗೂ ಜಾಗವಿಲ್ಲವೆಂದು ತೋರಿಸಿಕೊಟ್ಟಿತು. ಕತ್ತಿ ಪರಿಪೂರ್ಣವಾದದ್ದು ಅದು ಬೇಡವಾದ ಹೊತ್ತಿನಲ್ಲಿ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಟೊಲೇಡೊದ ಅದೇ ಕಾರ್ಖಾನೆಯಲ್ಲಿ 19ನೆಯ ಶತಮಾನದ ಉತ್ತರಾರ್ಧದಿಂದ ಬಂದೂಕಿನ ತೋಟಾಗಳನ್ನೂ ತಯಾರಿಸುತ್ತಿದ್ದರು. ಒಂದೇ ಆವರಣದೊಳಗೆ ಕೊಲ್ಲುವುದಕ್ಕೆ ತೋಟಾ, ತೊಡುವುದಕ್ಕೆ ಕತ್ತಿ! ಇಂದು ಅಲ್ಲಿ ಎರಡೂ ಇಲ್ಲ. ಅದೊಂದು ವಿಶ್ವವಿದ್ಯಾನಿಲಯದ ಆವರಣವಾಗಿದೆ. ಹುಡುಗರು ಪಾಠ ಕೇಳುತ್ತಾರೆ.

ದಿರಸಿನ ಕತ್ತಿ ಮಾತ್ರ ಹೋಗಿಲ್ಲ. 2023ರಲ್ಲಿ ಸ್ಪೇನಿನ ರಾಜಕುಮಾರಿ ಲೆಯೊನೋರ್ ಸಾರಗೋಸದ ಸೈನಿಕ ವಿದ್ಯಾಲಯಕ್ಕೆ ಸೇರಿದಾಗ, ಉಳಿದ ಹೊಸ ವಿದ್ಯಾರ್ಥಿಗಳೊಡನೆ ಆಕೆಯ ಕೈಗೂ ಒಂದು ಕತ್ತಿಯನ್ನು ಕೊಟ್ಟರು. ಅದರಿಂದ ಆಕೆ ಯಾರನ್ನೂ ಇರಿಯುವುದಿಲ್ಲವೆಂದು ಕೊಟ್ಟವರಿಗೂ ಗೊತ್ತು, ಪಡೆದವಳಿಗೂ ಗೊತ್ತು. ಹಾಗಾದರೆ ಕೊಟ್ಟದ್ದೇನು? ಹಿಡಿ, ಅಲಗು, ಒರೆ ಇಷ್ಟೇ ಆದರೆ ಅದೊಂದು ಆಟಿಕೆ. ಅದರ ಜೊತೆಗೆ ಅಲಗಿನ ಮೇಲಿನ ಆ ಹಳೆಯ ಎರಡು ಮಾತುಗಳನ್ನೂ ಕೊಟ್ಟರೆಂದಾದರೆ, ಅವು ಎಷ್ಟು ಗಟ್ಟಿಯಾದವು ಎಂದು ನೋಡಬೇಕಾಗುತ್ತದೆ.

ಮೊದಲನೆಯ ಮಾತು, ಕಾರಣವಿಲ್ಲದೆ ಹಿರಿಯಬೇಡವೆಂಬುದು. ಸ್ಪ್ಯಾನಿಷಿನ 'ರಾಸೋನ್' ಎಂಬ ಪದಕ್ಕೆ ಕಾರಣ, ವಿವೇಕ, ನ್ಯಾಯ ಎಂಬ ಮೂರು ಅರ್ಥಗಳೂ ಉಂಟು. ತೊಡಕಿರುವುದು ಇಲ್ಲಿಯೇ. ನ್ಯಾಯ ಸುಲಭವಾಗಿ ಸಿಕ್ಕುವುದಿಲ್ಲ. ಕಾರಣ ಕೇಳಿದಷ್ಟು ಸಿಕ್ಕುತ್ತದೆ. 1513ರಲ್ಲಿ ಸ್ಪೇನಿನ ಆಸ್ಥಾನದ ಧರ್ಮಶಾಸ್ತ್ರಜ್ಞನೊಬ್ಬ ಒಂದು ಶಾಸನವನ್ನು ಬರೆದುಕೊಟ್ಟನು. ಅಮೆರಿಕದಲ್ಲಿ ಯಾವುದೇ ಊರಿನ ಮೇಲೆ ಬೀಳುವ ಮುನ್ನ ಸೈನಿಕರು ಅದನ್ನು ಅಲ್ಲಿಯ ಜನಕ್ಕೆ ಓದಿ ಹೇಳಬೇಕು. ಪೋಪರಿಗೂ ಸ್ಪೇನಿನ ಸಿಂಹಾಸನಕ್ಕೂ ಶರಣಾಗಿರಿ. ಇಲ್ಲದಿದ್ದರೆ ಯುದ್ಧ ಮಾಡುತ್ತೇವೆ, ನಿಮ್ಮ ಹೆಂಡಿರು ಮಕ್ಕಳನ್ನು ಗುಲಾಮರನ್ನಾಗಿ ಮಾಡುತ್ತೇವೆ, ಅದರ ಸಾವುನೋವಿನ ದೋಷ ನಿಮ್ಮದೇ ಎಂಬುದು ಅದರ ತಾತ್ಪರ್ಯ. ಕೇಳುವ ಜನಕ್ಕೆ ಆ ಭಾಷೆ ಬಾರದು. ಜನ ಓಡಿಹೋದ ಮೇಲೆ ಬರಿಯ ಗುಡಿಸಲುಗಳಿಗೆ ಓದಿದ್ದುಂಟು, ಕೇಳಿಸದಷ್ಟು ದೂರದಲ್ಲಿ ನಿಂತು ಓದಿದ್ದುಂಟು. ಓದಿ ಮುಗಿಸಿದರೆ ಕಾರಣ ಸಿದ್ಧವಾಯಿತು, ಇನ್ನು ಕತ್ತಿ ಹಿರಿಯಬಹುದು! ಇದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದೆಂದು ಆ ಕಾಲದವನೇ ಆದ ಲಾಸ್ ಕಾಸಾಸ್ ಎಂಬ ಪಾದ್ರಿ ಬರೆದಿದ್ದಾನೆ.

ಆದರೆ ಅದೇ ದೇಶದಲ್ಲಿ 1539ರಲ್ಲಿ ಸಾಲಮಾಂಕ ವಿಶ್ವವಿದ್ಯಾನಿಲಯದ ಅಧ್ಯಾಪಕ ಫ್ರಾನ್ಸಿಸ್ಕೊ ದೆ ವಿತೋರಿಯ ತನ್ನ ಉಪನ್ಯಾಸಗಳಲ್ಲಿ ಈ 'ಕಾರಣ'ವನ್ನು ಹಿಡಿದು ಜಾಲಾಡಿದನು. ಮತ ಬೇರೆಯೆಂಬುದು ಯುದ್ಧಕ್ಕೆ ನ್ಯಾಯವಾದ ಕಾರಣವಲ್ಲ. ರಾಜ್ಯ ಹಿಗ್ಗಿಸುವ ಆಸೆ ಕಾರಣವಲ್ಲ. ದೊರೆಯ ಕೀರ್ತಿಯೂ ಕಾರಣವಲ್ಲ. ತನಗೆ ಅನ್ಯಾಯವಾಗಿದ್ದರೆ ಮಾತ್ರ ಯುದ್ಧ. ಆದ ಅನ್ಯಾಯ ಸಣ್ಣದಾದರೆ ಅದೂ ಸಲ್ಲದು. ಯುದ್ಧ ಅನ್ಯಾಯವೆಂದು ಮನಸ್ಸಿಗೆ ಖಚಿತವಾದ ಪ್ರಜೆ, ದೊರೆಯೇ ಆಜ್ಞಾಪಿಸಿದರೂ ಹೋರಾಡಕೂಡದು. ಆಗ ಆಳುತ್ತಿದ್ದವನು ಚಕ್ರವರ್ತಿ ಐದನೆಯ ಚಾರ್ಲ್ಸ್. ಅದೇ ವರ್ಷ ನವೆಂಬರಿನಲ್ಲಿ ಅವನು ವಿತೋರಿಯನ ಮಠದ ಹಿರಿಯನಿಗೆ ಕಾಗದ ಬರೆದು ಇಂಥ ಚರ್ಚೆಗಳನ್ನು ನಿಲ್ಲಿಸುವಂತೆ ಹೇಳಿದನು. ಮೇಷ್ಟರ ಪಾಠ ಅರಮನೆಯವರೆಗೂ ಮುಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ವಿತೋರಿಯನನ್ನು ದೇವರು ಮಾಡಬೇಕಾಗಿಲ್ಲ. ಮುಂಬಾಗಿಲನ್ನು ಭದ್ರವಾಗಿ ಮುಚ್ಚಿದ ಅವನು, ವ್ಯಾಪಾರದ ಹಕ್ಕು, ಧರ್ಮಪ್ರಚಾರದ ಹಕ್ಕು ಎಂಬ ಹಿತ್ತಲ ಬಾಗಿಲುಗಳನ್ನು ತೆರೆದೇ ಇಟ್ಟನು. ಅವುಗಳಿಂದ ಸೈನ್ಯ ನುಸುಳಬಹುದಾಗಿತ್ತು. ಆದರೂ ಅವನಿಂದ ಒಂದು ಮಾತು ಸ್ಪಷ್ಟವಾಯಿತು. ಕತ್ತಿ ಹಿರಿಯುವವನೇ ಕಾರಣವನ್ನೂ ಹೇಳಿ ತೀರ್ಪನ್ನೂ ಕೊಟ್ಟುಕೊಂಡರೆ, ಅಲಗಿನ ಮೇಲಿನ ಮೊದಲ ಮಾತು ಬರಿಯ ಕೆತ್ತನೆ.

ಎರಡನೆಯ ಮಾತು ಮಾನದ್ದು. ಇದು ಮೊದಲನೆಯದಕ್ಕಿಂತ ಅಪಾಯಕಾರಿ. ಮೊದಲನೆಯದು ಕೈಯನ್ನು ತಡೆಯುತ್ತದೆ. ಎರಡನೆಯದು ಕೈಯನ್ನು ಹಿಂದಕ್ಕೆ ಬರಗೊಡುವುದಿಲ್ಲ. ಸರಿಯಾದ ಕಾರಣವಿತ್ತೆಂದು ನಂಬಿ ಒಬ್ಬ ಕತ್ತಿ ಹಿರಿದನೆನ್ನಿ. ನಡುವೆ ಆ ಕಾರಣ ಸುಳ್ಳೆಂದು ತಿಳಿದುಬಂತು. ಈಗ ಏನು ಮಾಡಬೇಕು? ಹಾಗೆಯೇ ಒರೆಗೆ ಸೇರಿಸಿದರೆ ಮಾನ ಹೋಯಿತೆಂದು ಲೋಕ ಆಡಿಕೊಳ್ಳುತ್ತದೆ. ಸೇರಿಸದಿದ್ದರೆ ಅನ್ಯಾಯ. ಎಷ್ಟೋ ಯುದ್ಧಗಳು, ಎಷ್ಟೋ ಮನೆಜಗಳಗಳು, ಕಾರಣ ಸತ್ತ ಎಷ್ಟೋ ವರ್ಷಗಳ ಮೇಲೂ ಈ ಎರಡನೆಯ ಮಾತಿನ ಬಲದಿಂದ ಬದುಕಿಕೊಂಡಿರುತ್ತವೆ.

ಮಾನವೆಂದರೇನು ಎಂಬುದನ್ನು ಸ್ಪೇನಿನ ನಾಟಕಕಾರ ಕಾಲ್ದೆರೋನ್ ತನ್ನ 'ಸಾಲಮೆಯದ ಗ್ರಾಮಾಧಿಕಾರಿ' ಎಂಬ ನಾಟಕದಲ್ಲಿ ಕೆದಕಿ ನೋಡಿದ್ದಾನೆ. ಅವನೂ ಸೈನಿಕನಾಗಿದ್ದವನು, ಮುಂದೆ ಪಾದ್ರಿಯಾದವನು. ಕತೆ ಹೀಗಿದೆ. ಸೈನ್ಯದ ಕ್ಯಾಪ್ಟನ್ ಒಬ್ಬ ಪೇದ್ರೊ ಕ್ರೆಸ್ಪೊ ಎಂಬ ರೈತನ ಮನೆಯಲ್ಲಿ ಬಿಡಾರ ಮಾಡುತ್ತಾನೆ. ಕುಲೀನ, ಸೊಂಟದಲ್ಲಿ ಕತ್ತಿ. ಅವನು ಆ ರೈತನ ಮಗಳನ್ನು ಹೊತ್ತುಕೊಂಡು ಹೋಗಿ ಕೆಡಿಸುತ್ತಾನೆ. ಅಷ್ಟರಲ್ಲಿ ಊರವರು ಕ್ರೆಸ್ಪೊನನ್ನು ಗ್ರಾಮಾಧಿಕಾರಿಯಾಗಿ ಆರಿಸಿರುತ್ತಾರೆ. ಅಧಿಕಾರದ ಗುರುತಾಗಿ ಅವನ ಕೈಗೆ ಬರುವುದು ಒಂದು ಕೋಲು. ಅದರ ಹೆಸರೂ 'ವಾರಾ'! ಕತ್ತಿಯ ಉದ್ದವನ್ನು ಅಳೆಯಲು ದೊರೆ ಹಿಡಿದ ಅಳತೆಗೋಲಿನ ಹೆಸರೇ ನ್ಯಾಯದ ಕೋಲಿಗೂ ಇದೆ. ಕ್ರೆಸ್ಪೊ ಮೊದಲು ಆ ಕೋಲನ್ನು ಕೆಳಗಿಟ್ಟು, ಬರಿಯ ತಂದೆಯಾಗಿ, ಕ್ಯಾಪ್ಟನ್ನನ ಮುಂದೆ ಮಂಡಿಯೂರಿ ಬೇಡುತ್ತಾನೆ: ನನ್ನ ಆಸ್ತಿಯನ್ನೆಲ್ಲ ತೆಗೆದುಕೊ, ನನ್ನ ಮಗಳನ್ನು ಮದುವೆಯಾಗಿ ಮಾನ ಉಳಿಸು. ಕ್ಯಾಪ್ಟನ್ ಅವನನ್ನು ಹಗುರ ಮಾಡಿ ತಳ್ಳಿಹಾಕುತ್ತಾನೆ. ರೈತನಿಗೂ ಮಾನವೆಂಬುದು ಉಂಟೆ ಎಂಬ ಭಾವ ಅವನದು. ಆಗ ಕ್ರೆಸ್ಪೊ ಎದ್ದು, ಕೋಲನ್ನು ಮತ್ತೆ ಕೈಗೆ ತೆಗೆದುಕೊಂಡು, ಕ್ಯಾಪ್ಟನ್ನನನ್ನು ಸೆರೆಹಿಡಿಸಿ, ಕುತ್ತಿಗೆ ಬಿಗಿಸಿ ಕೊಲ್ಲಿಸುತ್ತಾನೆ. ಕೊನೆಗೆ ಅಲ್ಲಿಗೆ ಬಂದ ದೊರೆ ಅವನ ತೀರ್ಪನ್ನು ಒಪ್ಪುತ್ತಾನೆ.

ಆ ಕೊನೆಯ ಶಿಕ್ಷೆ ಇಂದಿನ ನಮ್ಮ ಮನಸ್ಸಿಗೆ ಒಗ್ಗುವುದು ಕಷ್ಟ. ಕೆಡಿಸಿದವನಿಗೇ ಮದುವೆ ಮಾಡಿಕೊಟ್ಟರೆ ಮಗಳ ಮಾನ ಉಳಿಯುತ್ತದೆಂಬುದೂ ಒಗ್ಗುವುದಿಲ್ಲ. ಆದರೆ ಆ ರಂಗದ ಚಿತ್ರ ಮಾತ್ರ ಕಣ್ಣಿಗೆ ಕಟ್ಟಿ ನಿಲ್ಲುತ್ತದೆ. ಕತ್ತಿಯಿದ್ದವನ ಬಳಿ ಮಾನವಿಲ್ಲ; ಮಂಡಿಯೂರಿದವನ ಬಳಿ ಇದೆ. ಮಂಡಿಯೂರುವಾಗಲೂ ಅದು ಅವನನ್ನು ಬಿಟ್ಟುಹೋಗಲಿಲ್ಲ. ಮಾನ ಕತ್ತಿಯ ಜೊತೆಗೆ ಬರುವ ಸರಕಲ್ಲವೆಂದು ಕಾಲ್ದೆರೋನ್ ಕತ್ತಿ ತೊಟ್ಟವರೇ ತುಂಬಿದ್ದ ಕಾಲದಲ್ಲಿ ತೋರಿಸಿದನು.

ಇನ್ನು ನನ್ನ ಮಗಳ ಪ್ರಶ್ನೆಗೆ ಬರೋಣ. ಕಡಿಯದ ಕತ್ತಿಯಿಂದ ಏನು ಪ್ರಯೋಜನ? ಅದೊಂದು ಸೋಗಲ್ಲವೆ? ಸೋಗೂ ಆಗಬಹುದು, ವ್ರತವೂ ಆಗಬಹುದು ಎಂದು ತೋರುತ್ತದೆ. ಎರಡಕ್ಕೂ ಸ್ಪೇನಿನ ಚರಿತ್ರೆಯಲ್ಲಿಯೇ ನಿದರ್ಶನಗಳಿವೆ.

1939ರ ಮೇ 20ರಂದು, ಮೂರು ವರ್ಷಗಳ ಅಂತರ್ಯುದ್ಧವನ್ನು ಗೆದ್ದ ಜನರಲ್ ಫ್ರಾಂಕೊ ಮ್ಯಾಡ್ರಿಡ್ ನಗರದ ಸಾಂತ ಬಾರ್ಬರ ಚರ್ಚಿಗೆ ಮೆರವಣಿಗೆಯಲ್ಲಿ ಬಂದು ತನ್ನ ವಿಜಯದ ಕತ್ತಿಯನ್ನು ದೇವರಿಗೆ ಒಪ್ಪಿಸಿದನು. ಟೊಲೇಡೊದ ಆರ್ಚ್‌ಬಿಷಪ್ ಕಾರ್ಡಿನಲ್ ಗೋಮಾ ಅದನ್ನು ಸ್ವೀಕರಿಸಿ ಅವನನ್ನು ಹರಸಿದನು. ಹಳೆಯ ಕಾಲದ ಧರ್ಮಯುದ್ಧದ ದೊರೆಗಳಂತೆ ಕಾಣಬೇಕೆಂಬುದು ಆ ಸಮಾರಂಭದ ಹವಣಿಕೆ. ಆದರೆ ಆ ಯುದ್ಧವನ್ನು ಗೆದ್ದದ್ದು ಕತ್ತಿಯೆ? 1937ರ ಏಪ್ರಿಲ್ 26ರಂದು ಗೆರ್ನಿಕ ಪಟ್ಟಣದ ಮೇಲೆ ಅವನ ಪರವಾಗಿ ಬಾಂಬಿನ ಮಳೆ ಕರೆದ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳನ್ನು ಯಾರೂ ಚರ್ಚಿಗೆ ತಂದು ಒಪ್ಪಿಸಲಿಲ್ಲ. ಕತ್ತಿ ದೇವರ ಸನ್ನಿಧಿಯಲ್ಲಿ ವಿಶ್ರಾಂತಿ ಪಡೆಯಿತು. ಸೋತವರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುವುದು ಮುಂದೆ ವರ್ಷಗಳವರೆಗೂ ನಡೆಯಿತು. ಇಲ್ಲಿ ದಿರಸಿನ ಕತ್ತಿ ಒಂದು ಮುಸುಕು. ನಿಜವಾದ ಆಯುಧ ಕಾಣದಿರಲೆಂದು ಮುಂದೆ ಹಿಡಿದ ಚೆಲುವಾದ ವಸ್ತು. ಹೊಳೆಯುವುದನ್ನು ನೋಡುತ್ತಿರುವವನಿಗೆ ಹೊಗೆ ಕಾಣುವುದಿಲ್ಲ.

ಇನ್ನೊಂದು ನಿದರ್ಶನ 1898ರ ಜುಲೈ 3ರದು. ಕ್ಯೂಬಾ ದ್ವೀಪದ ಸಾಂತಿಯಾಗೊ ಬಂದರಿನಲ್ಲಿ ಸಿಕ್ಕಿಬಿದ್ದಿದ್ದ ಸ್ಪೇನಿನ ನೌಕಾದಳ ಹೊರಗೆ ಕಾದಿದ್ದ ಅಮೆರಿಕದ ಹಡಗುಗಳ ಎದುರಿಗೆ ಹೊರಟಿತು. ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿದುಹೋಯಿತು. 'ವಿಸ್ಕಾಯ' ಎಂಬ ಹಡಗು ಉರಿಯುತ್ತ ದಡಕ್ಕೆ ಹತ್ತಿಕೊಂಡಿತು. ಅದರ ಕ್ಯಾಪ್ಟನ್ ಅಂತೋನಿಯೊ ಯೂಲಾತೆಯನ್ನು, ಗಾಯಗೊಂಡಿದ್ದವನನ್ನು, ಅಮೆರಿಕದ 'ಅಯೊವಾ' ಹಡಗಿಗೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡರು. ಅವನು ಕಷ್ಟಪಟ್ಟು ಎದ್ದು ನಿಂತು, ಸೊಂಟದ ಕತ್ತಿಯನ್ನು ಬಿಚ್ಚಿ, ಅದರ ಹಿಡಿಗೆ ಮುತ್ತಿಟ್ಟು, ಅಯೊವಾದ ಕ್ಯಾಪ್ಟನ್ ಇವಾನ್ಸನಿಗೆ ಒಪ್ಪಿಸಲು ಮುಂದೆ ಚಾಚಿದನು. ಇವಾನ್ಸ್ ಅದನ್ನು ತೆಗೆದುಕೊಳ್ಳಲಿಲ್ಲ. ಹಡಗಿನ ನಾವಿಕರೆಲ್ಲ ಸೋತವನಿಗೆ ಜಯಘೋಷ ಮಾಡಿದರು. ಒಳಗೆ ಹೋಗುವ ಮುನ್ನ ಯೂಲಾತೆ ತಿರುಗಿ ತನ್ನ ಉರಿಯುವ ಹಡಗಿಗೆ ಕೈಯೆತ್ತಿ ವಿದಾಯ ಹೇಳಿದನು. ಆ ಹೊತ್ತಿಗೇ ಅದರ ಮದ್ದಿನ ಕೋಠಿ ಸಿಡಿಯಿತು.

ಯೂಲಾತೆ ಹೋರಾಡಿದ ಪಕ್ಷ ನ್ಯಾಯದ್ದಾಗಿತ್ತೆಂದು ನಾನು ಹೇಳುತ್ತಿಲ್ಲ. ಕ್ಯೂಬಾದ ಹಳ್ಳಿಗರನ್ನು ಸ್ಪೇನಿನ ಆಡಳಿತ 1896ರಿಂದ ಶಿಬಿರಗಳಲ್ಲಿ ಕೂಡಿಹಾಕಿ ಹಸಿವಿಗೂ ರೋಗಕ್ಕೂ ಸಾವಿರಾರು 'ಜನ'ವನ್ನು ಬಲಿಗೊಟ್ಟಿತ್ತು. ಅಲಗಿನ ಮೊದಲ ಮಾತಿನ ಮುಂದೆ ಆ ಯುದ್ಧ ನಿಲ್ಲಲಾರದು. ಗೆದ್ದ ಅಮೆರಿಕದ ಉದ್ದೇಶಗಳೂ ಹಾಲಿನಂತೆ ಬೆಳ್ಳಗಿರಲಿಲ್ಲ. ಆದರೂ ಆ ಡೆಕ್ಕಿನ ಮೇಲೆ ಒಂದು ಗಳಿಗೆ ಇಬ್ಬರು ಮನುಷ್ಯರಿದ್ದರು. ಆ ಯುದ್ಧದಲ್ಲಿ ಕೊಂದದ್ದು ಮೈಲಿ ದೂರದಿಂದ ಹಾರಿಬಂದ ಗುಂಡುಗಳು. ಯೂಲಾತೆಯ ಕತ್ತಿ ಒಬ್ಬನನ್ನೂ ಗಾಯಗೊಳಿಸಲಿಲ್ಲ. ಆದರೆ ಫಿರಂಗಿಗಳಿಂದ ಆಗದ ಒಂದು ಕೆಲಸ ಅದರಿಂದ ಆಯಿತು. 'ಇಲ್ಲಿಗೆ ಸಾಕು' ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದಕ್ಕೆ, 'ನಿನ್ನ ಮಾನ ನಿನ್ನಲ್ಲಿಯೇ ಇರಲಿ' ಎಂದು ಇನ್ನೊಬ್ಬ ಉತ್ತರ ಕೊಡುವುದಕ್ಕೆ ಅದು ನೆರವಾಯಿತು. ಬಾಂಬಿನ ವಿಮಾನವನ್ನು ಒಪ್ಪಿಸುವುದಕ್ಕೂ ಬಾರದು, ಹಿಂದಿರುಗಿಸುವುದಕ್ಕೂ ಬಾರದು. ಯುದ್ಧವನ್ನು ಶುರುಮಾಡುವ ಆಯುಧಗಳು ಲೋಕದಲ್ಲಿ ಬೇಕಾದಷ್ಟಿವೆ. ಮುಗಿಸುವುದಕ್ಕೆ ಒದಗುವ ವಸ್ತುಗಳು ಕಡಮೆ.

ಇಷ್ಟನ್ನು ಬರೆದ ಮೇಲೆ ನನ್ನ ಒಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಹಳ್ಳಿಯಿಂದ ಬಂದ ಒಬ್ಬ ಹುಡುಗನಿದ್ದ. ಜನ್ನನ 'ಯಶೋಧರ ಚರಿತೆ'ಯನ್ನು ಕುರಿತು ಪ್ರಬಂಧ ಬರೆದು ತಂದ. ಹಿಟ್ಟಿನ ಕೋಳಿಯನ್ನು ಕಡಿದ ದೊರೆಗೆ ಏಕೆ ಅಷ್ಟು ಜನ್ಮಗಳ ಶಿಕ್ಷೆಯಾಗಬೇಕು, ರಕ್ತವೇ ಹರಿಯದ ಮೇಲೆ ಹಿಂಸೆಯೆಲ್ಲಿಯದು ಎಂದು ಕೇಳಿಕೊಂಡು, ಕತ್ತಿ ಎತ್ತಿದ ಮನಸ್ಸು ನಿಜವಾದದ್ದೇ ಆದ್ದರಿಂದ ಹಿಂಸೆಯೂ ನಿಜವೆಂದು ಅವನು ವಾದಿಸಿದ್ದ. ವಯಸ್ಸಿಗೆ ಮೀರಿದ ಬರಹ. ಎಲ್ಲಿಂದಲೋ ಕದ್ದದ್ದೆಂದು ನನಗೆ ಅನುಮಾನ ಬಂತು. ಅನುಮಾನಕ್ಕೆ ಕಾರಣವಿತ್ತೆಂದು ಈಗಲೂ ಹೇಳಬಲ್ಲೆ. ತುಂಬಿದ ತರಗತಿಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ ಆಡಬಾರದ ಮಾತು ಆಡಿದೆ. ಎರಡು ವಾರದ ಮೇಲೆ ಅವನ ಕೊಠಡಿಯ ಗೆಳೆಯ ಹರಿದು ತಿದ್ದಿ ಬರೆದ ಕರಡು ಹಾಳೆಗಳ ಕಂತೆಯನ್ನೇ ತಂದು ನನ್ನ ಮುಂದಿಟ್ಟ. ಪ್ರಬಂಧ ಆ ಹುಡುಗನದೇ.

ಆಗ ನಾನು ಏನು ಮಾಡಿದೆ? ಅವನಿಗೆ ತರಗತಿಯಲ್ಲಿಯೇ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ಎಲ್ಲರ ಮುಂದೆ ತಪ್ಪೊಪ್ಪಿಕೊಂಡರೆ ಮೇಷ್ಟರ ಮಾನ ಏನಾಗಬೇಕು ಎಂದುಕೊಂಡೆ. ಎಲ್ಲರೆದುರಿಗೆ ಹಿರಿದ ಕತ್ತಿಯನ್ನು ಗುಟ್ಟಾಗಿ ಒರೆಗೆ ಸೇರಿಸಿದೆ. ಮರುವರ್ಷ ಆ ಹುಡುಗ ಕನ್ನಡವನ್ನು ಬಿಟ್ಟು ಬೇರೆ ವಿಷಯ ತೆಗೆದುಕೊಂಡ. ಹೆಚ್ಚಿನ ಅಂಕ ಅವನಿಗೆ ಬೇಕಾಗಿರಲಿಲ್ಲ. ಎದ್ದು ನಿಂತ ಕಡೆಯಲ್ಲಿಯೇ ಅವನನ್ನು ಗೌರವದಿಂದ ಕೂರಿಸಬೇಕಾಗಿತ್ತು. ರಕ್ತ ಹರಿಯದ ಹಿಂಸೆಯೂ ಹಿಂಸೆಯೆಂದು ಅವನು ಬರೆದದ್ದಕ್ಕೆ ನಾನೇ ಉದಾಹರಣೆಯಾದೆ.

ಈಗ ಆ ಪುಟ್ಟ ಕತ್ತಿಯ ಎರಡನೆಯ ಮಾತನ್ನು ನಾನು ಬೇರೆ ರೀತಿಯಲ್ಲಿ ಓದುತ್ತೇನೆ. ಗೆಲ್ಲುವವರೆಗೂ ಒರೆಗೆ ಸೇರಿಸಬೇಡವೆಂದು ಅದರ ಅರ್ಥವಾಗಿರಲಾರದು. ಹಾಗಿದ್ದರೆ ಮೊದಲನೆಯ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಒರೆಗೆ ಸೇರಿಸುವುದನ್ನೇ ಮಾನದಿಂದ ಮಾಡು, ಹಿರಿದಾಗ ನೋಡಿದವರೆಲ್ಲರೂ ನೋಡುವಂತೆ ಮಾಡು ಎಂದು ಓದಿದರೆ ಎರಡು ಮಾತಿಗೂ ಜಗಳವಿಲ್ಲ. ಕಾರಣ ತಪ್ಪಿದ ಕ್ಷಣದಲ್ಲಿ ಕತ್ತಿಯನ್ನು ಹಿಂದಕ್ಕೆ ತೆಗೆಯುವ ಧೈರ್ಯಕ್ಕೇ ಮಾನವೆಂದು ಹೆಸರು. ಟೊಲೇಡೊದ ಕಮ್ಮಾರರು ಅಲಗಿನೊಳಗೆ ಇಟ್ಟ ಮೆದು ಕಬ್ಬಿಣದ ಪಟ್ಟಿ ಇದಕ್ಕಾಗಿಯೇ ಇರಬೇಕು. ಬಾಗಬಲ್ಲದ್ದು ಮುರಿಯುವುದಿಲ್ಲ.

ಕನ್ನಡ ಪಾಠ ಹೇಳುವವನಾದ್ದರಿಂದ ಕೊನೆಗೆ ಒಂದು ಪದದ ವಿಚಾರ ಹೇಳಿ ಮುಗಿಸುತ್ತೇನೆ. ಕತ್ತಿಯನ್ನು ಇಡುವುದಕ್ಕೆ ನಾವು 'ಒರೆ' ಎನ್ನುತ್ತೇವೆ. ಚಿನ್ನವನ್ನು ಉಜ್ಜಿ ಪರೀಕ್ಷಿಸುವುದಕ್ಕೂ 'ಒರೆ'ಯೆಂದೇ ಹೇಳುತ್ತೇವೆ. ಹಳಗನ್ನಡದಲ್ಲಿ ಇವು ಎರಡು ಬೇರೆ ಪದಗಳು. ಕತ್ತಿಯ ಒರೆಗೆ ಶಕಟರೇಫವಿತ್ತು, ಚಿನ್ನದ ಒರೆಗೆ ನಮ್ಮ ಈಗಿನ ರಕಾರ. ಶಕಟರೇಫ ನಾಲಗೆಯಿಂದ ಜಾರಿಹೋದ ಮೇಲೆ ಎರಡೂ ಒಂದೇ ಆಗಿಬಿಟ್ಟವು. ವ್ಯಾಕರಣ ಇದನ್ನು ಆಕಸ್ಮಿಕವೆನ್ನುತ್ತದೆ, ಇರಲಿ. ಕತ್ತಿಯ ನಿಜವಾದ ಪರೀಕ್ಷೆ ಅದು ಒರೆಯಿಂದ ಹೊರಗೆ ಬಂದಾಗ ಅಲ್ಲ, ಮತ್ತೆ ಒರೆಗೆ ಹೋಗುವಾಗ ಎಂದು ನಮ್ಮ ಭಾಷೆ ತಿಳಿಯದೆಯೇ ಹೇಳಿದಂತಿದೆ.

ಮಗಳ ಪ್ರಶ್ನೆಗೆ ಇಷ್ಟುದ್ದದ ಉತ್ತರವನ್ನು ಅವಳು ಕೇಳಿಸಿಕೊಳ್ಳುವುದಿಲ್ಲ. ನಾನು ಬರೆಯಬೇಕಾದ ಕಾಗದ ಒಂದಿದೆ. ಆ ಹುಡುಗ ಈಗ ಎಲ್ಲಿದ್ದಾನೆಂದು ಅವನ ಹಳೆಯ ಗೆಳೆಯನನ್ನು ವಿಚಾರಿಸಿ ತಿಳಿದುಕೊಂಡಿದ್ದೇನೆ. ಅವನು ಉತ್ತರ ಬರೆದರೆ, ಆ ಲಕೋಟೆಯನ್ನು ಈ ಕತ್ತಿಯಿಂದಲೇ ತೆರೆಯಬೇಕೆಂದಿದ್ದೇನೆ.